ಬೋರ್ಡಿನ ದೀಪ

ಎಪ್ಪತ್ತರ ದಶಕದಲ್ಲಿ ನಾನು ಹೈಡೆಲ್‌ಬರ್ಗ್‌ನಲ್ಲಿ ಕಣ್ಣಿನ ಡಾಕ್ಟರಾಗಿದ್ದಾಗ ಸ್ಪೇನಿನ ಸಿನಿಮಾ ನಿರ್ದೇಶಕರೊಬ್ಬರು ಸರ್ಟಿಫಿಕೇಟಿಗೆ ಬಂದರು. ಅವರ ಚಿತ್ರಕಥೆಯನ್ನು ಸ್ಪೇನಿನ ಸೆನ್ಸಾರಿನವರು ಒಂಬತ್ತು ವರ್ಷ ತಡೆಹಿಡಿದಿದ್ದರಂತೆ. ಈಗ ಒಪ್ಪಿಗೆ ಸಿಕ್ಕಿತ್ತು. ಆದರೆ ಕಣ್ಣು ಸರಿಯಿದೆ ಎಂದು ನಾನು ಬರೆದುಕೊಡದೆ ನಿರ್ಮಾಪಕರು ಶೂಟಿಂಗ್ ಶುರುಮಾಡುವ ಹಾಗಿರಲಿಲ್ಲ.

ಅವರ ಹೆಂಡತಿ ಅವರನ್ನು ಕೈಹಿಡಿದು ಕರೆತಂದು, ಕುರ್ಚಿಯಲ್ಲಿ ಕೂರಿಸಿ ಹೊರಗೆ ಹೋದರು. ಎದುರಿನ ಬೋರ್ಡಿನ ಅಕ್ಷರಗಳನ್ನು ಓದಿ ಎಂದೆ. ಕೊನೆಯ ಸಾಲಿನವರೆಗೂ ಒಂದೂ ತಪ್ಪಿಲ್ಲದೆ ಓದಿದರು.

ಬೋರ್ಡಿನ ದೀಪ ಹಾಕುವುದನ್ನೇ ನಾನು ಮರೆತಿದ್ದೆ ಎಂದು ಆಮೇಲೆ ಗೊತ್ತಾಯಿತು. ಅದನ್ನು ಅವರಿಗೂ ಹೇಳಿದೆ.

“ಹೋದ ವಾರ ಹೆಸರು ಬರೆಸಲು ಬಂದಾಗ ನನ್ನ ಹೆಂಡತಿ ಇದನ್ನೆಲ್ಲ ಬರೆದುಕೊಂಡಳು, ಡಾಕ್ಟರೇ. ದಿನಾ ಬಾಯಿಪಾಠ ಮಾಡಿಸಿದಳು. ಎಲ್ಲಾದರೂ ತಪ್ಪಿದೆನಾ?”

“ಇಲ್ಲ, ಒಂದೂ ತಪ್ಪಲಿಲ್ಲ.”

“ಹಾಗಾದರೆ ತಪ್ಪು ಲೈಟಿನವನದು.”

ಕಣ್ಣು ಕಾಣುವುದಿಲ್ಲ ಎಂದು ಇದ್ದದ್ದನ್ನೇ ಬರೆದುಕೊಟ್ಟೆ. ಅವರು ಕಾಗದವನ್ನು ಓದುವವರ ಹಾಗೆ ಮುಖದ ಹತ್ತಿರ ಹಿಡಿದು, ಮಡಿಸಿ ಜೇಬಿಗಿಟ್ಟರು.

ಅಂದಿನಿಂದ ರೋಗಿ ಒಳಗೆ ಬರುವ ಮುಂಚೆಯೇ ದೀಪ ಹಾಕಿಡುತ್ತಿದ್ದೆ. ನನ್ನ ಶಿಸ್ತು ಕಂಡು ನರ್ಸ್‌ಗೆ ಬಹಳ ಮೆಚ್ಚುಗೆ.