ಎರಡನೆಯ ಓದು

ಆರೋಗ್ಯ ಸಂಶೋಧನೆಯಲ್ಲಿ ವ್ಯವಸ್ಥಿತ ವಿಮರ್ಶೆ ಎಂಬುದೊಂದಿದೆ. ಒಂದು ಪ್ರಶ್ನೆಯ ಮೇಲೆ ನಡೆದ ಅಧ್ಯಯನಗಳನ್ನೆಲ್ಲ ಹುಡುಕಿ, ಜರಡಿ ಹಿಡಿದು, ಒಟ್ಟಾಗಿ ಅವು ಏನು ಹೇಳುತ್ತವೆಂದು ನೋಡುವ ಕೆಲಸ ಅದು. ಅದನ್ನು ಹೇಗೆ ಮಾಡಬೇಕೆಂದು ಇಡೀ ದೇಶಕ್ಕೆ ಮಾರ್ಗಸೂಚಿ ಬರೆಯುವ ಸಮಿತಿಯಲ್ಲಿ ಮೂಡಿಗೆರೆಯ ವೈದ್ಯೆಯಾದ ನಾನೂ ಇದ್ದೆ. ತೋಟದ ಕೆಲಸಗಾರರ ರಕ್ತಹೀನತೆಯ ಬಗ್ಗೆ ನಾನೊಬ್ಬಳೇ ಕೂತು ಬರೆದ ವಿಮರ್ಶೆಯಿಂದಲೇ ನನಗೆ ಆ ಜಾಗ ಸಿಕ್ಕಿದ್ದು.

ಯಾವ ಅಧ್ಯಯನ ಇರಬೇಕು, ಯಾವುದು ಬೇಡ ಎಂಬುದನ್ನು ಇಬ್ಬರು ಬೇರೆ ಬೇರೆಯಾಗಿ ನಿರ್ಧರಿಸಬೇಕು ಎಂದು ಕರಡಿನಲ್ಲಿತ್ತು. ಅದಕ್ಕೆ ‘ಸಾಧ್ಯವಾದಲ್ಲಿ’ ಎಂದು ಸೇರಿಸಿ ಎಂದು ಹಟ ಹಿಡಿದವಳು ನಾನೇ. ದೊಡ್ಡ ಊರಿನವರಿಗೆ ಜನ ಸಿಗುತ್ತಾರೆ, ಈ ಘಟ್ಟದ ಮೂಲೆಯಲ್ಲಿ ಎರಡನೆಯವರನ್ನು ಎಲ್ಲಿಂದ ತರಲಿ ಎಂದು ರೇಗಿದ್ದೆ. ಉಳಿದವರು ಒಪ್ಪಿ ಸೇರಿಸಿದ್ದರು.

ಒಬ್ಬರೇ ಸಾಕೆಂದು ತೋರಿಸಿಕೊಡೋಣವೆಂದು, ನನ್ನ ವಿಮರ್ಶೆಗಾಗಿ ಜರಡಿ ಹಿಡಿದಿದ್ದ ವರದಿಗಳನ್ನೆಲ್ಲ ಕೊಟ್ಟಿಗೆಹಾರದ ನರ್ಸ್ ಒಬ್ಬರಿಗೆ ಕೊಟ್ಟು, ಹೊಸದಾಗಿ ಆರಿಸಿ ಎಂದೆ. ಕೆಲಸ ಮುಗಿದ ಮೇಲೆ ದಿನಾ ಒಂದಿಷ್ಟು ಓದಿ ಅವರು ಎರಡು ವಾರದಲ್ಲಿ ಮುಗಿಸಿದರು. ಒಂದನ್ನು ಬಿಟ್ಟು ಎಲ್ಲವೂ ನನ್ನ ಆಯ್ಕೆಗೆ ಹೊಂದಿತು. ಆ ಒಂದು, ನಮ್ಮದೇ ಗುಡ್ಡಗಳ ತೋಟಗಳಲ್ಲಿ ಕಬ್ಬಿಣಾಂಶದ ಮಾತ್ರೆ ಕೊಟ್ಟು ನೋಡಿದ ವರದಿ. ಅವರು ಇಟ್ಟುಕೊಂಡಿದ್ದರು, ನಾನು ಕೈಬಿಟ್ಟಿದ್ದೆ. ಕೆಲಸಗಾರರು ಮಾತ್ರೆ ನುಂಗಿದ್ದಾರೆಂಬುದನ್ನು ನಂಬುವಂತಿಲ್ಲ ಎಂದು ಕಾರಣ ಬರೆದಿದ್ದೆ.

ಇದು ವರದಿಯ ಯಾವ ಪುಟದಲ್ಲಿದೆ ಎಂದು ಅವರು ಕೇಳಿದರು. ಪುಟ ತಿರುವಿದೆ, ಮತ್ತೆ ತಿರುವಿದೆ. ಎಲ್ಲೂ ಇರಲಿಲ್ಲ. ಅದು ಇದ್ದದ್ದು ಜಾವಳಿಯ ನಮ್ಮ ಮನೆಯ ಜಗಲಿಯಲ್ಲಿ. ಆಳುಗಳು ಮಾತ್ರೆ ಇಸಿದುಕೊಂಡು ಕಾಫಿ ಗಿಡದ ಬುಡಕ್ಕೆ ಎಸೆಯುತ್ತಾರೆಂದು ಅಪ್ಪನೂ ನಮ್ಮ ಎಸ್ಟೇಟಿನ ಲೆಕ್ಕ ಬರೆಯುವ ರೈಟರೂ ನಗುತ್ತಿದ್ದುದನ್ನು ಕೇಳಿಯೇ ನಾನು ಬೆಳೆದದ್ದು.

“ನಮ್ಮಮ್ಮ ತೋಟದ ಕೂಲಿ, ಲೈನ್ ಮನೆಯವ್ರು ಡಾಕ್ಟ್ರೇ,” ಎಂದರು ನರ್ಸ್. “ಹಾಜ್ರಿ ಹೊತ್ತಲ್ಲಿ ಎಲ್ರೂ ಮಾತ್ರೆ ನುಂಗೋದನ್ನ ನಾನೇ ನೋಡಿದೀನಿ. ಹಂಗಂತ ನಾನೊಬ್ಳೇ ಆರಿಸಿದ್ರೂ ತಪ್ಪಾಗ್ಬಹುದು. ನಂಗೂ ನಮ್ಮೋರ ಕಡೆ ಮನಸ್ಸು ವಾಲತ್ತೆ. ಅದಕ್ಕೇ ಇಬ್ರು ಬೇಕು.”

ಎರಡು ದಿನ ಅವರ ಮೇಲೆ ಸಿಟ್ಟಿತ್ತು. ಮೂರನೆಯ ದಿನ ಅದು ನಾಚಿಕೆಯಾಯಿತು. ಬಾಯಿ ಬಿಟ್ಟರೆ ನನ್ನ ವಿಮರ್ಶೆ ತಿದ್ದಬೇಕು, ಸಮಿತಿಯ ಜಾಗವೂ ಹೋಗಬಹುದು. ಬಿಡದಿದ್ದರೆ ನಾನೇ ಹಾಕಿಸಿದ ಆ ಪದ ದೇಶದ ನಿಯಮವಾಗಿ ಕೂರುತ್ತದೆ. ನನ್ನಂಥವರು ತಮ್ಮ ತಮ್ಮ ಜಗಲಿಯ ಮಾತನ್ನೇ ವಿಜ್ಞಾನವೆಂದು ಬರೆಯುತ್ತಾ ಹೋಗುತ್ತಾರೆ. ಹೇಳಿಯೇ ಬಿಡುವುದೆಂದು ತೀರ್ಮಾನಿಸಿದೆ.

ಮುಂದಿನ ವಿಡಿಯೋ ಸಭೆಗೆ ಆ ನರ್ಸ್ ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು ನಡೆದದ್ದನ್ನೆಲ್ಲ ಹೇಳಿದೆ. ಎರಡನೆಯವರು ಸಿಗದಿದ್ದರೆ ಹುಡುಕಬೇಕು, ತರಬೇತಿ ಕೊಡಬೇಕು, ನಿಯಮ ಸಡಿಲಿಸಬಾರದು ಎಂದೆ. ‘ಸಾಧ್ಯವಾದಲ್ಲಿ’ ತೆಗೆದರು. ನನ್ನ ವಿಮರ್ಶೆಗೆ ತಿದ್ದುಪಡಿ ಕಳಿಸಿದೆ. ಜಾಗ ಉಳಿಯಿತು.

ಕೊನೆಯ ಕರಡು ಬಂದಾಗ ಆ ನಿಯಮದ ಕೆಳಗೆ ನನ್ನ ಕತೆಯನ್ನೇ ಉದಾಹರಣೆಯಾಗಿ ಕೊಟ್ಟಿದ್ದರು. ನನಗೆ ನೋವಾಗಬಾರದೆಂದು, ‘ಕಣ್ತಪ್ಪಿನಿಂದ ಒಂದು ವರದಿ ಬಿಟ್ಟುಹೋಯಿತು’ ಎಂದಷ್ಟೇ ಬರೆದಿದ್ದರು. ಅದನ್ನು ಹೊಡೆದುಹಾಕಿ ಮೇಲೆ ಬರೆದೆ: ‘ವಿಮರ್ಶಕಿ ತೋಟದ ಮಾಲೀಕರ ಮಗಳು. ವರದಿಯನ್ನು ಓದಿದ್ದಳು. ಕೆಲಸಗಾರರನ್ನು ನಂಬಲಿಲ್ಲ.’