ನನ್ನ ನಂಬರಿನ ಇನ್ನೊಬ್ಬಾಕೆ

ಜ್ವರ ಬಂದು ನಾನು ಧಾರವಾಡದ ಮನೆಯಲ್ಲಿ ಮಲಗಿದ್ದ ಮಂಗಳವಾರ, ನನ್ನ ಸ್ಕೂಟರ್ ಹುಬ್ಬಳ್ಳಿಯಲ್ಲಿ ಸಿಗ್ನಲ್ ಹಾರಿತ್ತಂತೆ.

ಹೀಗೆಂದವರು ಟ್ರಾಫಿಕ್ ಹವಾಲ್ದಾರರು. ಜ್ವರ ಬಿಟ್ಟ ಮೇಲೆ ಅವರು ನನ್ನನ್ನು ನಿಲ್ಲಿಸಿದ ದಿನ ನಾನು ಹೆಲ್ಮೆಟ್ ಹಾಕಿದ್ದೆ, ನೆಟ್ಟಗೇ ಹೊರಟಿದ್ದೆ. ಆದರೂ ಬದಿಗೆ ಕರೆದು, ಕೈಯಲ್ಲಿದ್ದ ಮಷೀನಿನಲ್ಲಿ ನನ್ನ ನಂಬರ್ ಒತ್ತತೊಡಗಿದರು. ಏನು ತಪ್ಪು ಮಾಡಿದೆ ಎಂದು ಕೇಳಿದೆ (ಅಂಕಣ ಬರೆಯುವವರಿಗೆ ಇಷ್ಟು ಕೊಬ್ಬು ಇದ್ದೇ ಇರುತ್ತದೆ). ಏನೂ ಇಲ್ಲ, ಸುಮ್ಮನೆ ಚೆಕ್ ಎಂದರು. ಆಮೇಲೆ ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದರು.

ಅದೇ ಬಿಳಿ ಸ್ಕೂಟರ್. ಅದೇ ನಂಬರ್. ಹಿಂದಿನಿಂದ ತೆಗೆದ ಫೋಟೋ. ನನ್ನಷ್ಟೇ ಮೈಕಟ್ಟಿನ ಹೆಂಗಸು, ಹೆಗಲಿಗೆ ಬ್ಯಾಗು. ನಮ್ಮ ಬೆನ್ನನ್ನು ನಾವು ಎಂದಾದರೂ ನೋಡಿರುತ್ತೇವೆಯೇ? ಆದರೂ ಅದು ನಾನಲ್ಲ ಎಂದೆ.

"ನೀವಲ್ಲಂದ್ರ ಮತ್ಯಾರ್ರಿ ಮೇಡಂ ಇವ್ರು?"

ದನಿಯಲ್ಲಿ ಗದರಿಕೆ ಇರಲಿಲ್ಲ. ಅದಕ್ಕೇ ಹೆಚ್ಚು ಹೆದರಿದೆ.

ನನ್ನ ಗಾಡಿಯ ಮೇಲೆ ಕೆತ್ತಿದ್ದ ಚಾಸಿಸ್ ನಂಬರ್ ದಾಖಲೆಗೆ ಹೊಂದಿದ್ದರಿಂದ ಅಸಲಿ ಗಾಡಿ ನನ್ನದೇ ಎಂದಾಯಿತು. ಠಾಣೆಯಲ್ಲಿ ದೂರು ಬರೆದುಕೊಟ್ಟೆ. ಸಂಜೆ ಪಕ್ಕದ ಮನೆಯ ವಕೀಲರನ್ನು ಕೇಳಿದೆ: ತಪ್ಪೇ ಮಾಡದವರ ನಂಬರನ್ನು ಹೀಗೆ ಕೆದಕಬಹುದೇ? ಅವರು ನಕ್ಕರು. ಸಮವಸ್ತ್ರದಲ್ಲಿರುವ ಪೊಲೀಸರು ಕೇಳಿದರೆ ಲೈಸೆನ್ಸ್ ತೋರಿಸಲೇಬೇಕು. ನಂಬರ್ ಪ್ಲೇಟ್ ಅಂತೂ ಊರೆಲ್ಲ ನೋಡಲೆಂದೇ ಇರುವುದು, ಅದನ್ನು ನೋಡಲು ಯಾರ ಅಪ್ಪಣೆ ಬೇಕು ಎಂದರು.

ಊರೆಲ್ಲ ನೋಡಬಹುದು, ಸರಿ. ಯಾರೋ ನೋಡಿ ಬರೆದುಕೊಂಡೂ ಹೋಗಿದ್ದರಲ್ಲ? ಆ ವಾರವಿಡೀ ಸ್ಕೂಟರಿನ ಕನ್ನಡಿಯಲ್ಲಿ ಬಿಳಿ ಗಾಡಿ ಕಂಡರೆ ನಿಧಾನಿಸಿ, ಅದು ಮುಂದೆ ಹೋದಮೇಲೆ ನಂಬರ್ ಓದುತ್ತಿದ್ದೆ. ನನಗಿಂತ ಮೊದಲೇ ಆಕೆ ಎಲ್ಲಿಗೆಲ್ಲ ಹೋಗಿರಬಹುದು?

ಎಂಟು ದಿನಕ್ಕೆ ಠಾಣೆಯಿಂದ ಫೋನ್ ಬಂತು. ಧಾರವಾಡದ ಹತ್ತಿರದ ಹಳ್ಳಿ ಮುಗದದ ರಸ್ತೆಯಲ್ಲಿ ಆಕೆ ಸಿಕ್ಕಿದ್ದರು. ಅವರನ್ನೂ ಸುಮ್ಮನೆ ಚೆಕ್ ಎಂದೇ ನಿಲ್ಲಿಸಿದ್ದಂತೆ.

ಹೋದೆ. ಬೆಂಚಿನ ಮೇಲೆ ಕೂತಿದ್ದವರು ಶಾಲೆಯ ಟೀಚರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಂಬರ್ ಕದ್ದವಳು ನಾನೇ ಎಂಬಂತೆ.

"ನನ್ನ ಗಾಡಿ ನಂಬರ ನೀವ್ಯಾಕ ಹಾಕ್ಕೊಂಡೀರಿ?"

ಹೀಗೆ ಕೇಳಿದ ಅವರ ಕೈಯಲ್ಲಿ ಆರ್‌ಸಿ ಕಾರ್ಡೂ ಇತ್ತು. ಅದು ನಕಲಿ. ಅವರಿಗೆ ಸೆಕೆಂಡ್ ಹ್ಯಾಂಡ್ ಗಾಡಿ ಮಾರಿದವನ ಫೋನ್ ಸ್ವಿಚ್ ಆಫ್. ಕಳವಿನ ಗಾಡಿಗೆ ನನ್ನ ನಂಬರ್ ಹಾಕಿ ಮಾರಿದ್ದನಂತೆ. ಅದು ಠಾಣೆಯಲ್ಲೇ ಉಳಿಯಿತು. ಹೇಳಿಕೆ ಬರೆಸಿಕೊಂಡು ಅವರನ್ನು ಬಿಟ್ಟರು. ಬಸ್ ನಿಲ್ದಾಣದವರೆಗೆ ಬಿಡುತ್ತೇನೆ ಎಂದೆ. ಅವರು ನನ್ನ ಪ್ಲೇಟನ್ನೇ ನೋಡುತ್ತಾ ಬೇಡವೆಂದು ತಲೆಯಾಡಿಸಿ, ನಡೆದೇ ಹೋದರು.

ಸುಮ್ಮನೆ ನಿಲ್ಲಿಸಿದ್ದರಿಂದ ನಾನು ಉಳಿದುಕೊಂಡೆ. ಆದರೆ ಹಾಗೆ ನಿಲ್ಲಿಸಿದ್ದರಿಂದಲೇ ದುಡ್ಡು ಕೊಟ್ಟು ಕೊಂಡ ಗಾಡಿ ಕಳೆದುಕೊಂಡ ಆ ಟೀಚರ್ ಏನನ್ನಬೇಕು?