ಕೊಸರಿನ ಈರುಳ್ಳಿಸೊಪ್ಪು

ಚಿಯಾವ್ ಮುದುಕನ ಸುದ್ದಿ ಫುಂಗಕ್ಕನ ಕಿವಿಗೆ ಮೊದಲು ಬಿದ್ದದ್ದು ಶಾಮ್‌ಶುಯ್‌ಪೋ ಮಾರ್ಕೆಟ್ಟಿನ ಮೀನಿನವಳ ಬಾಯಿಂದ.

"ಉತ್ತರದ ಕಡೆಯಿಂದ ಮುದಿ ಹಕ್ಕಿಯೊಂದು ಬಂದಿದೆ ಕಣೆ. ಮೀನು ಹೆರೆದುಕೊಟ್ರೆ 'ದೋ-ಜೆ' ಅಂತಾನೆ! ನಾನೇನು ಅವನಿಗೆ ಉಡುಗೊರೆ ಕೊಟ್ನಾ?"

ಹಕ್ಕಿ ಅಂದೇ ಫುಂಗಕ್ಕನ ಸೊಪ್ಪಿನ ಅಂಗಡಿಗೂ ಬಂತು. ವಾಡಿಕೆಯಂತೆ ಅವಳು ನಾಲ್ಕೆಳೆ ಈರುಳ್ಳಿಸೊಪ್ಪು ಕೊಸರು ಹಾಕಿದಳು. ಮುದುಕ ತಲೆಬಾಗಿ "ಮ್-ಗೋಯ್" ಎಂದ.

"ತಿರುಗಾಮುರುಗಾ ಆಯ್ತಲ್ಲಣ್ಣ! ಎರಡೂ ಉಪಕಾರ ನೆನೆಯೋ ಮಾತೇ, ಆದ್ರೆ ಮೈ ಬಗ್ಗಿಸಿ ಕೆಲಸ ಮಾಡಿಕೊಟ್ಟೋರಿಗೆ ಮ್-ಗೋಯ್. ಪುಕ್ಕಟೆ ಕೊಟ್ಟೋರಿಗೆ ದೋ-ಜೆ. ಹಾಲು ಕುಡಿಯೋ ಮಗೂಗೂ ಗೊತ್ತು."

ಮುದುಕ ಹರುಕುಮುರುಕು ಮಾತಿನಲ್ಲಿ ತನ್ನ ಕಷ್ಟ ತೋಡಿಕೊಂಡ. ಇನ್ನೆರಡು ತಿಂಗಳಿಗೆ ಮೊಮ್ಮಗಳ ಮದುವೆ. ಇಲ್ಲೇ ಹುಟ್ಟಿದ ಅವಳಿಗೆ ತಾತನ ಭಾಷೆ ಬಾರದು. ಹಿರಿಯರಿಗೆ ಮೊಣಕಾಲೂರಿ ಚಹಾ ಕೊಡುವ ಹೊತ್ತಿನಲ್ಲಿ ಮುದುಕ ಬಾಯಿ ಬಿಡದಿದ್ದರೆ ಎಲ್ಲರ ಮಾನ ಉಳಿಯುತ್ತದೆ ಎಂದು ಹುಡುಗನ ತಾಯಿ ಹೇಳಿಕಳಿಸಿದ್ದಳು.

"ನಾನು ಬಾಯಿ ಬಿಡ್ಬೇಕು ಅಕ್ಕ."

ತನ್ನ ಹೆಸರನ್ನೂ ನೆಟ್ಟಗೆ ಬರೆಯಲಾರದ ಫುಂಗಕ್ಕ ಮೇಷ್ಟರಾದಳು. ಮುದುಕ ಬೆಳ್ಳುಳ್ಳಿ ಸುಲಿಯುತ್ತಾ ಕಲಿತ. "ಊಟ ಆಯ್ತಾ?" ಎಂದು ಯಾರೋ ಕೇಳಿದರೆ ಬೆಳಗಿನಿಂದ ತಿಂದದ್ದನ್ನೆಲ್ಲ ವರದಿ ಒಪ್ಪಿಸುತ್ತಿದ್ದ. "ಆಯ್ತು ಅಂದು ಮುಂದೆ ನಡಿ! ನಿನ್ನ ಹೊಟ್ಟೆ ಕಟ್ಕೊಂಡು ಯಾರಿಗೆ ಏನಾಗಬೇಕು?" ಎಂದು ಫುಂಗಕ್ಕ ಗದರುತ್ತಿದ್ದಳು. ಬೈಗುಳಗಳನ್ನು ಮಾತ್ರ ಒಂದೇ ಮಧ್ಯಾಹ್ನದಲ್ಲಿ ಕಂಠಪಾಠ ಮಾಡಿದ.

ಮದುವೆಯ ದಿನ ಫುಂಗಕ್ಕ ಹಿಂದಿನ ಸಾಲಿನಲ್ಲಿ ನಿಂತಿದ್ದಳು. ಮೊಮ್ಮಗಳು ಮೊಣಕಾಲೂರಿ ಬಟ್ಟಲು ನೀಡಿದಳು. ಮುದುಕ ಎರಡೂ ಕೈಯಲ್ಲಿ ತೆಗೆದುಕೊಂಡು ಕುಡಿದ. ಗಟ್ಟಿಯಾಗಿ, "ದೋ-ಜೆ" ಎಂದ.

ಹೋಯ್ತು ನನ್ನ ಮಾನ ಎಂದು ಫುಂಗಕ್ಕ ಹಣೆ ಚಚ್ಚಿಕೊಂಡಳು. ಹುಡುಗನ ತಾಯಿ ಬೀಸಣಿಗೆಯ ಮರೆಯಲ್ಲಿ ಕಿಸಕ್ಕೆಂದಳು. "ಚಹಾ ತಂದ್ಕೊಟ್ರೆ ಮ್-ಗೋಯ್ ಅನ್ಬೇಕು, ತಾತ."

"ಹೋಟೆಲಿನೋನು ತಂದ್ರೆ ಮ್-ಗೋಯ್," ಎಂದ ಮುದುಕ ನಿಧಾನವಾಗಿ, ಒಂದೊಂದೇ ಮಾತು ಹುಡುಕಿ. "ಅದು ಅವನ ಕೆಲಸ. ಇವಳು ನಂಗೆ ಕೊಡ್ತಿದಾಳಮ್ಮ."

ಬೀಸಣಿಗೆ ನಿಂತಿತು. ಮೊಮ್ಮಗಳು ಮೂಗೊರೆಸಿಕೊಂಡು ಇನ್ನೊಂದು ಬಟ್ಟಲು ಚಹಾ ಬಗ್ಗಿಸಿದಳು, ಪದ್ಧತಿಯಲ್ಲೇ ಇಲ್ಲದ ಎರಡನೆಯದು. ಕಲಿಸದೇ ಇದ್ದದ್ದನ್ನೂ ಕಲಿತಿದ್ದಾನಲ್ಲ ಕಳ್ಳ, ಎಂದುಕೊಂಡಳು ಫುಂಗಕ್ಕ.

ಮರುವರ್ಷ ಚಳಿಗಾಲದಲ್ಲಿ ಮುದುಕ ಆಸ್ಪತ್ರೆ ಸೇರಿದ. ಮೊಮ್ಮಗಳು ದಿನಾ ಬಂದು ಪಕ್ಕದಲ್ಲಿ ಕೂತು ಹರಟುತ್ತಿದ್ದಳು. ಅವಳು ಮನೆಗೆ ಹೋಗಿದ್ದ ಒಂದು ಮಧ್ಯಾಹ್ನ ಫುಂಗಕ್ಕ ಬಿಸಿ ಗಂಜಿ ಒಯ್ದಳು. ಅವನು ಮುಚ್ಚಳ ತೆಗೆಸಿ ಇಣುಕಿ ನೋಡಿ ಮುಖ ಸಿಂಡರಿಸಿದ.

"ಸೊಪ್ಪಿನ ಅಂಗಡಿಯೋಳಂತೆ! ಕೊಸರು ಎಲ್ಲೇ ಅಕ್ಕ? ನಾಲ್ಕೆಳೆ ಹಾಕು. ಅದಕ್ಕೆ ಏನು ಹೇಳ್ಬೇಕು ಅಂತ ನಂಗೀಗ ಗೊತ್ತು."